ಹಿಂದಿನ ಸಾಲಿನ ಕೊನೆಯ ಕುರ್ಚಿ

ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿದ್ದೇ ತಡ, ತೀರಿಕೊಂಡ ಮೇಷ್ಟ್ರು ತಮಗಷ್ಟೇ ಕಾಣಲೆಂದು ಬರೆದುಕೊಂಡಿದ್ದ ಟಿಪ್ಪಣಿ ಸಭಾಂಗಣದ ದೊಡ್ಡ ಪರದೆಯ ಮೇಲೆ ಮೂಡಿತು: ‘ಮಾತು ತೊದಲಿದರೆ ಗಾಬರಿ ಬೇಡ. ಹಿಂದಿನ ಸಾಲಿನ ಕೊನೇ ಕುರ್ಚೀಲಿ ಅವಳಿರ್ತಾಳೆ. ಅವಳ ಮುಖ ನೋಡು, ಮುಂದುವರಿಸು.’

ಅವರ ಕೊನೆಯ ಉಪನ್ಯಾಸವನ್ನು ಓದಲು ನಿಂತಿದ್ದ ಸಹೋದ್ಯೋಗಿ ತಡಬಡಾಯಿಸಿದ. “ಅಯ್ಯೋ, ಪರದೆ ಅದಲುಬದಲಾಗಿದೆ. ತಪ್ಪಾಯ್ತು ಅಕ್ಕಾ, ಈಗ್ಲೇ ತೆಗೀತೀನಿ.”

“ಇರ್ಲಿ ಬಿಡಪ್ಪಾ,” ಎಂದಳು ಮೇಷ್ಟ್ರ ಹೆಂಡತಿ.

ಇವತ್ತು ಎಲ್ಲರೂ ಒತ್ತಾಯ ಮಾಡಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಇಷ್ಟು ವರ್ಷ ಅವಳು ಬಾಗಿಲ ಪಕ್ಕದ ಆ ಕೊನೆಯ ಕುರ್ಚಿಯಲ್ಲೇ ಕೂರುತ್ತಿದ್ದಳು. ಅಲ್ಲಿದ್ದರೆ ತಾನು ಅವರಿಗೆ ಕಾಣುವುದೇ ಇಲ್ಲ ಅಂದುಕೊಂಡಿದ್ದಳು. ಈಗ ಎದ್ದು, ಸಾಲುಗಳನ್ನು ದಾಟಿ ಹೋಗಿ ಅಲ್ಲೇ ಕೂತಳು. ವೇದಿಕೆಯ ಕಡೆಗೆ ಮುಖ ಎತ್ತಿದಳು.

“ಹ್ಞೂಂ, ಈಗ ಹೇಳಿ.”