ಮೂವತ್ತನಾಲ್ಕನೆಯ ಹೆಸರು

"ಸಂಯುಕ್ತಾ, ಇದೇನು ಗುರುತು? ನಮ್ಮಲ್ಲಿ ಯಾರಿಗೂ ಗೊತ್ತಾಗ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಕೇಳುತ್ತ, ಸಂಯುಕ್ತಾಳ ಮನೆಗೆ ಬಂದಿದ್ದ ಅಕೋಸುವಾ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಘಾನಾದಲ್ಲಿ ಇಬ್ಬರೂ ಓದಿದ್ದ ಅಬಂಕ್ರೋ ಬಾಲಕಿಯರ ವಸತಿ ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಆಕ್ಲೆಂಡಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರು ಸೇರಿ ಅದರ ಚರಿತ್ರೆ ಬರೆದಿದ್ದರು. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಮನುಕಾವ್‌ನಲ್ಲಿ ನರ್ಸ್ ಆಗಿರುವ ಅಕೋಸುವಾ ಸಂಪಾದಕಿ. ಶಾಲೆಗೆ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುತ್ತಿದ್ದರು ಎಂಬ ಅಧ್ಯಾಯ ಸಂಯುಕ್ತಾಳದು. ಪಾದ್ರಿಗಳ ಕಾಲದಲ್ಲಿ ಪಾಳೆಯಗಾರರ ಹೆಣ್ಣುಮಕ್ಕಳಿಗಷ್ಟೇ ಇದ್ದ ಶಾಲೆ, ಸ್ವಾತಂತ್ರ್ಯ ಬಂದ ಮೇಲೆ ಅರ್ಹತೆಗೆ ಮಾತ್ರ ಬಾಗಿಲು ತೆರೆಯಿತು ಎಂದು ಅವಳು ಹೆಮ್ಮೆಯಿಂದ ಬರೆದಿದ್ದಳು.

ತೆರೆಯ ಮೇಲೆ 1988ರ ಎರಡು ಪಟ್ಟಿಗಳಿದ್ದವು. ಒಂದು, ಪ್ರವೇಶ ಪರೀಕ್ಷೆಯ ಅಂಕಗಳ ಪ್ರಕಾರ ಟೈಪ್ ಮಾಡಿದ ನಲವತ್ತು ಹೆಸರು. ಇನ್ನೊಂದು, ಅದನ್ನೇ ನೋಡಿಕೊಂಡು ನೋಟಿಸ್ ಬೋರ್ಡಿಗೆಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದದ್ದು. ಅದರ ನೆತ್ತಿಯ ಮೇಲೆ ಪುಟ್ಟದೊಂದು ಗುರುತು. ಅಕೋಸುವಾಳಿಗೆ ಅದು ಬರೀ ಗೀಚು. ಸಂಯುಕ್ತಾ ನೋಡಿದ ಕೂಡಲೇ ಓದಿದಳು: 'ಶ್ರೀ'. ದಿನಸಿ ಚೀಟಿ ಬರೆಯುವಾಗಲೂ ಮೊದಲು ಶ್ರೀಕಾರ ಹಾಕುವ ಒಬ್ಬರೇ ಒಬ್ಬರು ಅಬಂಕ್ರೋದಲ್ಲಿದ್ದರು. ಹದಿನೆಂಟು ವರ್ಷ ಅಲ್ಲಿ ಗಣಿತ ಹೇಳಿಕೊಟ್ಟ ಅವಳ ಅಪ್ಪ ಕೇಶವಮೂರ್ತಿ.

"ಮೂವತ್ತನಾಲ್ಕನೇ ಹೆಸರು ಮಾತ್ರ ಬೇರೆ ಇದೆ, ನೋಡು," ಎಂದಳು ಅಕೋಸುವಾ. "ಟೈಪ್ ಮಾಡಿದ್ದರಲ್ಲಿ ಅರಾಬಾ ಅನ್ನೋ ಹುಡುಗಿ. ಕೈಬರಹದಲ್ಲಿ ನೀನು. ಈ ಗುರುತು ಅಂದರೆ ವೇಟಿಂಗ್ ಲಿಸ್ಟಿಂದ ತಗೊಂಡವರು ಅಂತಲಾ? ಹಾಗಿದ್ರೆ ಒಂದು ಅಡಿಟಿಪ್ಪಣಿ ಹಾಕಿ ಮುಗಿಸೋಣ."

ಅದೇ ಕೋಣೆಯ ಕಿಟಕಿಯ ಪಕ್ಕ ಕೂತು ಫೀಜೋವಾ ಹಣ್ಣನ್ನು ಚಮಚದಲ್ಲಿ ತೋಡಿ ತಿನ್ನುತ್ತಿದ್ದ ಕೇಶವಮೂರ್ತಿಯ ಕೈ ನಿಂತಿತು. "ಹೌದು ಅಂದ್ಬಿಡು," ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ನಗ್ತಾ ಹೇಳು. ಇಲ್ದಿದ್ರೆ ಈ ಹುಡುಗಿಗೆ ಡೌಟ್ ಬರುತ್ತೆ."

"ನೀವೇ ಬದಲಾಯಿಸಿದ್ದಾ ಅಪ್ಪ?"

"ಹೆಡ್‌ಮಿಸ್ಟ್ರೆಸ್ ಬದಲಾಯಿಸೋರು. ಮಂತ್ರಿ ಮಗಳು, ಬಿಷಪ್ಪರ ತಂಗಿ ಮಗಳು ಅಂತ ಬೇರೆ ವರ್ಷಗಳಲ್ಲೆಲ್ಲ ಇದ್ದದ್ದೇ. ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಲಿ ಬರೆಸೋರು. ಊರಿನವರ ಮಕ್ಕಳಿಗೆಲ್ಲ ಬರೆದವನು ಆ ವರ್ಷ ನನ್ನ ಮಗಳಿಗೆ ಒಂದು ಲೈನ್ ಬರ್ಕೊಂಡೆ. ನಾಲ್ಕು ಮಾರ್ಕ್ಸ್ ಕಮ್ಮಿ ಬಿದ್ದಿತ್ತು ನಿನಗೆ, ಅಷ್ಟೇ."

ಅಷ್ಟೇ! ಸಂಯುಕ್ತಾಳ ಮೈಯೆಲ್ಲ ಉರಿದುಹೋಯಿತು. ಎರಡು ಸಾವಿರ ಮಕ್ಕಳಲ್ಲಿ ಗೆದ್ದು ಸೀಟು ತಂದವಳು ನನ್ನ ಮಗಳು ಎಂದು ಈ ಮನುಷ್ಯ ಆಕ್ಲೆಂಡಿನ ನ್ಯೂ ಲಿನ್ ಸ್ಟೇಷನ್ನಿನಲ್ಲಿ ಪಕ್ಕ ಕೂತವರಿಗೂ ಕೊಚ್ಚಿಕೊಂಡಿದ್ದ. ಅದೇ ಮಾತು ಹೇಳಿ ಹೇಳಿ ಅವಳು ತನ್ನ ಮಗಳು ಕೃತಿಯನ್ನು ಅಳಿಸಿ ಓದಿಸಿದ್ದಳು. ಒಂದು ಮಗುವಿನ ಹೆಸರು ಹೊಡೆದುಹಾಕುವ ಕೆಲಸಕ್ಕೂ ದೇವರನ್ನು ಮೇಲೆ ಕೂರಿಸಿಕೊಂಡೇ ಶುರುಮಾಡಿದ್ದಾನಲ್ಲ! ಇಷ್ಟು ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಯಾರ ಮೇಲೂ ಬಂದಿರಲಿಲ್ಲ.

"ವೇಟಿಂಗ್ ಲಿಸ್ಟ್ ಅಲ್ಲ," ಎಂದು ಅವಳು ಅಕೋಸುವಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ಅದು ಕನ್ನಡದ ಅಕ್ಷರ. ಬರೆದದ್ದು ನಮ್ಮಪ್ಪ. ಅರಾಬಾಳ ಸೀಟು ಕಿತ್ತು ನನಗೆ ಕೊಟ್ಟರು. ನನ್ನ ಅಧ್ಯಾಯ ತೆಗೆದುಹಾಕು. ಆ ಜಾಗದಲ್ಲಿ ಈ ಎರಡು ಪಟ್ಟಿ ಅಚ್ಚು ಮಾಡು."

ಅಕೋಸುವಾ ಉಳಿದ ವರ್ಷಗಳ ಪಟ್ಟಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಆಮೇಲೆ ಕೇಶವಮೂರ್ತಿಯತ್ತ ತಿರುಗಿ, "ಸರ್, ಈ ಗುರುತು ಒಂಬತ್ತು ವರ್ಷದ ಪಟ್ಟಿಗಳ ಮೇಲಿದೆ," ಎಂದಳು. ಸರ್ ಎಂಬ ಮಾತನ್ನು ಮಾತ್ರ ಅವಳು ಇನ್ನೂ ಬಿಟ್ಟಿರಲಿಲ್ಲ.

ಕೇಶವಮೂರ್ತಿ ಚಮಚವನ್ನು ತಟ್ಟೆಗೆ ಎಸೆದರು. "ನನ್ನೆದುರಿಗೇ ನನ್ನನ್ನ ಕಳ್ಳ ಮಾಡಿ ಪುಸ್ತಕದಲ್ಲಿ ಹಾಕಿಸ್ತೀಯಾ?" ಎಂದು ಮಗಳ ಮೇಲೆ ಕನ್ನಡದಲ್ಲಿ ಕೂಗಾಡಿದರು. "ಸೀಟು ಸಿಗಲಿಲ್ಲ ಅಂತ ಆ ಅರಾಬಾ ಏನು ಸತ್ತುಹೋದ್ಲಾ? ಇನ್ನೊಂದು ಸ್ಕೂಲಿಗೆ ಹೋಗಿ, ನಿನ್ನ ಹಾಗೇ ಎಲ್ಲೋ ಚೆನ್ನಾಗಿರ್ತಾಳೆ!"

"ಹೋಗ್ಲಿಲ್ಲ," ಎಂದರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಸಂಯುಕ್ತಾಳ ಅಮ್ಮ ಪದ್ಮಾವತಿ. "ಯಾವ ಸ್ಕೂಲಿಗೂ ಹೋಗ್ಲಿಲ್ಲ. ನಮ್ಮ ಸ್ಕೂಲ್ ಗೇಟ್ ಮುಂದೆ ಕಡಲೆಕಾಯಿ ಮಾರ್ತಿದ್ಲಲ್ಲ, ಅವಳೇ ಅರಾಬಾ. 'ನಾನು ಪಾಸಾಗಿದ್ದೆ ಆಂಟಿ, ಬೋರ್ಡಲ್ಲಿ ಹೆಸರು ಬರಲಿಲ್ಲ' ಅಂತ ಎಷ್ಟು ಸಲ ಹೇಳಿದ್ಲು. ಸುಳ್ಳು ಹೇಳ್ತಾಳೆ ಅಂದ್ಕೊಂಡೆ ನಾನು."

ಕನ್ನಡ ಒಂದಕ್ಷರ ಬಾರದ ಅಕೋಸುವಾ, ಅರಾಬಾ ಎಂಬ ಹೆಸರು ಕೇಳಿ ಪೆನ್ನು ಕೆಳಗಿಟ್ಟಳು.

"ಸಂಯುಕ್ತಾ, ನಿನ್ನ ಹಳೇ ಮ್ಯಾಥ್ಸ್ ನೋಟ್‌ಬುಕ್‌ಗಳನ್ನ ಕೇಳಿ ಇಸ್ಕೋತಿದ್ಲು ಅವಳು," ಎಂದು ಪದ್ಮಾವತಿ ಮುಂದುವರಿಸಿದರು. "ಪೊಟ್ಟಣ ಕಟ್ಟೋಕೆ ಇರ್ಬೇಕು ಅಂತ ನಾನೂ ಕೊಡ್ತಿದ್ದೆ."

"ಅದಕ್ಕೀಗ ಏನು?" ಎಂದು ಕೇಶವಮೂರ್ತಿ ಸಿಡುಕಿದರು.

"ಒಂದಿನ ಅದರಲ್ಲೊಂದು ತಂದು ನಂಗೆ ತೋರಿಸಿದ್ಲು. ನೀವು ಕೆಂಪು ಇಂಕಲ್ಲಿ ತಪ್ಪು ಹಾಕಿದ್ರಲ್ಲ, ನಮ್ಮ ಸಂಯುಕ್ತಾ ಮಾಡಿದ ಲೆಕ್ಕಗಳು. ಅವನ್ನೆಲ್ಲ ಪಕ್ಕದಲ್ಲೇ ಸರಿಯಾಗಿ ಮಾಡಿದ್ಲು. ಒಂದೂ ಬಿಡದೆ."