ಕುನಿಹಿಕೊ ಕಟ್ಟಿದ ದಾರಿ

ಗುಂಡಿ ಒತ್ತಿದರೂ ಟೀವಿಯಲ್ಲಿ ದಾರಿ ಮೂಡಲಿಲ್ಲ. ಮೊರಿಯೊ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಆಗಲೂ ಇಲ್ಲ. ಕೊನೆಗೆ ಆಟದ ಪೆಟ್ಟಿಗೆಗೆ ಹೋಗುವ ತಂತಿಯನ್ನು ಟೇಪ್ ರೆಕಾರ್ಡರಿನಿಂದ ಕಿತ್ತ. ಬುದ್ಧನ ಹೆಸರು ಜಪಿಸುವ ಗುಡಿಯ ಗುರುಗಳ ದನಿ ಕೋಣೆಯನ್ನು ತುಂಬಿತು: "ನಮು ಅಮಿದ ಬುತ್ಸು, ನಮು ಅಮಿದ ಬುತ್ಸು..."

ಶಿಗೆಮಿ ಕೈಯಲ್ಲಿದ್ದ ಆಟದ ಹಿಡಿಯನ್ನು ಚಾಪೆಯ ಮೇಲಿಟ್ಟರು. ಮಗ ಕುನಿಹಿಕೊ ತೀರಿಕೊಂಡ ಮೇಲೆ ಬಂದ ಮೊದಲ ಬೋನ್ ಹಬ್ಬ ಅದು, ಅಗಲಿದವರು ಮನೆಗೆ ಬಂದು ಹೋಗುತ್ತಾರೆನ್ನುವ ಹಬ್ಬ. ಬುದ್ಧಪೀಠದ ಮುಂದೆ ಕಲ್ಲಂಗಡಿ, ಪೀಚ್ ಹಣ್ಣು ಇಟ್ಟಾಗಿತ್ತು. ಮಗನ ಬಾಲ್ಯದ ಗೆಳೆಯ ಮೊರಿಯೊ ಹಳೆಯ ಫ್ಯಾಮಿಕಾಮ್ ವಿಡಿಯೊ ಆಟದ ಪೆಟ್ಟಿಗೆಯನ್ನು ರಿಪೇರಿ ಮಾಡಿ ತಂದಿದ್ದ. ಅದರ ಮೋಟಾರ್‌ಬೈಕ್ ಪಂದ್ಯದಲ್ಲಿ ದಾರಿಯನ್ನು ಆಡುವವರೇ ಕಟ್ಟಬಹುದು. ಕಟ್ಟಿದ್ದನ್ನು ಕೀ ಎನ್ನುವ ಸದ್ದಾಗಿ ಕ್ಯಾಸೆಟ್ಟಿಗೆ ತುಂಬಿಡಬಹುದು. ಶಾಲೆಯ ದಿನಗಳಲ್ಲಿ ಕುನಿಹಿಕೊ ಕಟ್ಟಿದ ದಾರಿಗಳಲ್ಲಿ ಕೊನೆಯದು ಅಪ್ಪನನ್ನು ಬೀಳಿಸಲೆಂದೇ ಕಟ್ಟಿದ್ದು. ಅದರ ಕಡೆಯ ದಿಬ್ಬವನ್ನು ಶಿಗೆಮಿ ಒಮ್ಮೆಯೂ ದಾಟಿರಲಿಲ್ಲ. "ಈ ಬೋನ್‌ಗೆ ದಾಟ್ಲೇಬೇಕಪ್ಪ. ಇಲ್ದಿದ್ರೆ ಬಂದು ಎದುರಿಗೇ ಕೂತು ನಗ್ತೀನಿ," ಎಂದು ಆಸ್ಪತ್ರೆಯ ಹಾಸಿಗೆಯಿಂದ ಮಗ ಕೆಣಕಿದ್ದ. ದಾಟುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು.

"ಅಕ್ಕಾ!" ಎಂದು ಶಿಗೆಮಿ ಕೂಗಿದರು.

ಚಿಯೊ ಸೊಂಟ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. "ಯಾಕೋ ಹಾಗೆ ಕೂಗ್ತೀಯ, ಮನೆಗೆ ಬೆಂಕಿ ಬಿದ್ದ ಹಾಗೆ?"

"ಇದಕ್ಕೆ ಮಂತ್ರ ತುಂಬಿದ್ದು ಯಾರು?"

"ನಾನೇ. ಅವನು ಹೋದ ನಲವತ್ತೊಂಬತ್ತನೇ ದಿನ ಗುರುಗಳು ಮಾಡಿದ ಪಠಣ. ದಿನಾ ಹುಡುಗನಿಗೆ ಕೇಳಿಸೋಣ ಅಂತ. ಅದರಲ್ಲಿ ಮಹಾ ಏನಿತ್ತು? ಬರೀ ಕೀ ಅನ್ನೋ ಕಿರುಚಾಟ. ಕೆಟ್ಟು ಹೋಗಿದೆ ಅಂದ್ಕೊಂಡೆ."

ಮೊರಿಯೊ ಕ್ಯಾಸೆಟ್ಟನ್ನು ಹೊರತೆಗೆದು ತಿರುಗಿಸಿದ. "ಇಲ್ನೋಡಿ ಮಾಮ." ಬೆನ್ನಿನ ಪುಟ್ಟ ಚಕ್ಕೆಯನ್ನು ಮುರಿದುಬಿಟ್ಟರೆ ಕ್ಯಾಸೆಟ್ಟಿನ ಮೇಲೆ ಬೇರೇನೂ ತುಂಬಲಾಗದು. ಕುನಿಹಿಕೊ ಅದನ್ನು ಮುರಿದೇ ಇಟ್ಟಿದ್ದ. ಆ ತೂತಿನ ಮೇಲೆ ಈಗ ಅಂಟುಪಟ್ಟಿ ನೀಟಾಗಿ ಕೂತಿತ್ತು.

"ಮೊದಲು ರೆಕಾರ್ಡ್ ಗುಂಡಿ ಒತ್ತೋಕೇ ಆಗ್ಲಿಲ್ಲ. ಮೀನಿನಂಗಡಿಯವಳು ತೂತು ಮುಚ್ಚೋ ಉಪಾಯ ಹೇಳ್ಕೊಟ್ಟಳು," ಎಂದರು ಚಿಯೊ, ಸ್ವಲ್ಪ ಹೆಮ್ಮೆಯಿಂದಲೇ.

ಶಿಗೆಮಿಯವರ ಮುಖ ಕೆಂಪಾಯಿತು. "ಯಾರೂ ಮುಟ್ಟಬಾರದು ಅಂತಲೇ ಮುರಿದಿಟ್ಟಿದ್ದ! ನೀನು ಬೀಗ ಒಡೆದು ಒಳಗೆ ನುಗ್ಗಿ, ದೀಪ ಹಚ್ಚಿ ಬಂದೆ ಅಂತೀಯಲ್ಲ!"

"ಬುದ್ಧನ ಹೆಸರು ತುಂಬಿದ್ದು ತಪ್ಪಾ? ಹುಟ್ಟಿದಾಗಿಂದ ಗುಡಿ ತಪ್ಪಿಸದವನು ಆಟದ ಸಾಮಾನಿಗೆ ಹೀಗೆ ಹಾರಾಡ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಬುದ್ಧನ ಹೆಸರನ್ನ ಗುರುಗಳು ನಾಳೆನೂ ಹೇಳ್ತಾರೆ, ನಾಡಿದ್ದೂ ಹೇಳ್ತಾರೆ. ಆ ದಿಬ್ಬ ಯಾರು ಕಟ್ತಾರೆ? ಹೇಳು, ಯಾರು ಕಟ್ತಾರೆ?"

ಕೊನೆಯ ದಾರಿಯಾದರೂ ಉಳಿದಿದೆಯೇ ಎಂದು ಮೊರಿಯೊ ಟೇಪನ್ನು ಮುಂದಕ್ಕೆ ಓಡಿಸಿ, ಓಡಿಸಿ ಕೇಳಿದ. ಪಠಣ, ಗಂಟೆಯ ನಾದ, "ಗುರುಗಳೇ, ಟೀ ತರ್ಲಾ?" ಎನ್ನುವ ಚಿಯೊ ಅವರದೇ ದನಿ, ಟಕ್ಕೆಂಬ ಸದ್ದು. ಆಮೇಲೆ ಕಿವಿ ಸೀಳುವ ಹಾಗೆ ಕೀ ಎಂಬ ಕೂಗು ಹೊರಟಿತು.

ಮೊರಿಯೊ ತಲೆಯಾಡಿಸಿದ. "ಮಾಮ, ನಿಮಗೆ ಅಂತ ಕಟ್ಟಿದ ದಾರೀದೇ ಈ ಸದ್ದು. ಆದ್ರೆ ಬಾಲ ಮಾತ್ರ ಉಳಿದಿದೆ. ಅರ್ಧ ದಾರಿಯನ್ನ ಪೆಟ್ಟಿಗೆ ತೊಗೊಳಲ್ಲ."

"ಹಾಗಾದ್ರೆ ನಿಲ್ಸು ಅದನ್ನ, ಹಬ್ಬದ ಪಠಣಕ್ಕೆ ಗುರುಗಳು ಬರೋ ಹೊತ್ತಾಯ್ತು," ಎಂದು ಚಿಯೊ ಕೈ ಚಾಚಿದರು.

ಶಿಗೆಮಿ ಆ ಕೈಯನ್ನು ತಳ್ಳಿದರು. ಪೀಠದ ಮುಂದೆ ಮಂಡಿ ಮಡಚಿ ಕೂತು, ಜಪಮಣಿಯನ್ನು ಬೆರಳಿಗೆ ಸುತ್ತಿಕೊಂಡು ಕೈ ಜೋಡಿಸಿದರು.

"ಕೂತ್ಕೋ ಅಕ್ಕ. ಇದು ಮುಗಿಯೋ ತನಕ ಯಾರೂ ಏಳೋ ಹಾಗಿಲ್ಲ."