ಬೆನ್ನು ತಿರುಗಿಸಿದ ವಿಷಕನ್ಯೆ

ದಸರಾ ತಾಲೀಮಿನಲ್ಲಿ ಗಗನಾ ಸಭೆ ಕೂರುವ ಕಡೆಗೆ ಬೆನ್ನು ತಿರುಗಿಸಿ ನಿಂತಳು.

ಯಶೋಧರಾ ಕುರ್ಚಿಯಿಂದ ಅರ್ಧ ಎದ್ದಳು. ಇಡೀ ನೃತ್ಯರೂಪಕ ಕಾಯುವುದೇ ಈ ಗಳಿಗೆಗಾಗಿ. ರಾಜನನ್ನು ಕೊಲ್ಲಲು ಶತ್ರುಗಳು ಕಳಿಸಿದ ವಿಷಕನ್ಯೆ ಅವನಿಗೇ ಮನಸೋತು, ತಾನು ತಂದ ವಿಷವನ್ನು ತಾನೇ ಕುಡಿಯುವ ಗಳಿಗೆ. ಅಲ್ಲಿ ಮುಖ ಕಾಣಬೇಕು. ಕಣ್ಣಲ್ಲಿ ಕಿಡಿ ಹಾರಬೇಕು. ಯಶೋಧರಾ ಕಲಿಸಿದ್ದು ಹಾಗೆ.

ಗಗನಾ ಮುಖವನ್ನೇ ಕೊಡಲಿಲ್ಲ. ಕಣ್ಣಿಗೆ ಕಾಣದ ರಾಜನತ್ತ ಬಟ್ಟಲು ಚಾಚಿದ್ದಳು, ಹಿಂದಕ್ಕೆಳೆದಿದ್ದಳು, ಕದ್ದ ಬೆಲ್ಲ ಬಚ್ಚಿಡುವ ಮಗುವಿನ ಹಾಗೆ ಸೆರಗಿನಡಿ ಮುಚ್ಚಿಕೊಂಡಿದ್ದಳು. ಈಗ ಬೆನ್ನು ಮಾಡಿ ಕುಡಿದಳು. ಭುಜ ಮಾತ್ರ ಒಮ್ಮೆ ಅಲುಗಿತು.

ಮೃದಂಗದ ಮಹಾಲಿಂಗಯ್ಯನವರ ಕೈ ಸರಿಯಾಗಿ ಅಲ್ಲೇ ನಿಂತಿತ್ತು. ಮೊದಲೇ ಗೊತ್ತಿದ್ದ ಹಾಗೆ.

"ಯಾರು ಹೇಳಿಕೊಟ್ಟಿದ್ದು ಇದನ್ನ?"

ಗಗನಾ ತಲೆ ತಗ್ಗಿಸಿದಳು. "ಯಾರೂ ಹೇಳಿಕೊಡಲಿಲ್ಲ ಮೇಡಂ."

ಸುಳ್ಳು. ಆ ಬೆನ್ನು ಯಾರದೆಂದು ಯಶೋಧರಾಗೆ ಗೊತ್ತಿತ್ತು.

ರಾಧಾಮಣಿಯದು. ಅವಳೂ ಯಶೋಧರಾಳೂ ಇದೇ ಮಧುಗಿರಿಯಲ್ಲಿ, ಒಬ್ಬರೇ ಗುರುಗಳ ಹತ್ತಿರ ಕಲಿತವರು. ಇದೇ ಪಾತ್ರವನ್ನು ಸರದಿಯ ಮೇಲೆ ಆಡಿದವರು. ಯಶೋಧರಾಳ ವಿಷಕನ್ಯೆ ನಗುತ್ತಾ ಕುಡಿಯುತ್ತಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ರಾಧಾಮಣಿಯ ವಿಷಕನ್ಯೆ ಬೆನ್ನು ಮಾಡಿ ಕುಡಿಯುತ್ತಿದ್ದಳು. ಜನ ಚಪ್ಪಾಳೆ ಮರೆತು, ಮಾತಾಡದೆ ಮನೆಗೆ ಹೋಗುತ್ತಿದ್ದರು.

ತುಮಕೂರಿನ ಒಂದು ಸಭೆಯಲ್ಲಿ ಯಶೋಧರಾ ಮೈಕಿನ ಮುಂದೆ ಹೇಳಿದ್ದಳು: "ಅಭಿನಯ ಬಾರದವರು ಬೆನ್ನು ತೋರಿಸುತ್ತಾರೆ." ಮುಂದಿನ ಸಾಲಿನಲ್ಲಿ ಕೂತಿದ್ದ ರಾಧಾಮಣಿ ಎದ್ದು ಹೋದಳು. ತನ್ನೂರು ಪಾವಗಡ ಸೇರಿದವಳು ಮತ್ತೆ ಗೆಜ್ಜೆ ಕಟ್ಟಲಿಲ್ಲ. ಕೆಲವು ವರ್ಷದ ಹಿಂದೆ, ಹುಷಾರಿಲ್ಲವಂತೆ ಎಂದು ಯಾರೋ ಹೇಳಿದಾಗ, ಅದೂ ಅಭಿನಯವೇ ಇರಬೇಕು ಎಂದು ಯಶೋಧರಾ ನಕ್ಕಿದ್ದಳು.

ರಾಧಾಮಣಿ ಕುಣಿದದ್ದೆಲ್ಲ ಗಗನಾ ಹುಟ್ಟುವ ಮುಂಚಿನ ಮಾತು. ಆ ನೃತ್ಯದ ವಿಡಿಯೊ ಎಲ್ಲೂ ಇರಲಿಲ್ಲ. ಹಾಗಾದರೆ ಹುಡುಗಿಗೆ ಸಿಕ್ಕಿದ್ದು ಹೇಗೆ?

"ಮೇಷ್ಟ್ರೇ, ಕ್ಲಾಸಿಲ್ಲದ ಭಾನುವಾರ ಇವಳು ಎಲ್ಲಿಗೆ ಹೋಗ್ತಾಳೆ?"

ಮಹಾಲಿಂಗಯ್ಯ ಮೃದಂಗಕ್ಕೆ ಗವಸು ಹಾಕುತ್ತಿದ್ದರು. ತಲೆಯೆತ್ತಲಿಲ್ಲ. "ಪಾವಗಡದ ಬಸ್ ಹತ್ತೋದು ನೋಡಿದೀನಿ ಕಣಮ್ಮ. ನೀವೇ ಒಂದ್ಸಲ ಹೋಗಿ ನೋಡಿದ್ರೆ ಒಳ್ಳೇದು."

ಯಶೋಧರಾ ಎಲ್ಲರನ್ನೂ ಕಳಿಸಿ, ಎಂದಿನಂತೆ ಒಳಗಿನಿಂದ ಅಗುಳಿ ಹಾಕಿಕೊಂಡಳು. ಕ್ಲಾಸು ಮುಗಿದ ಮೇಲಿನ ಆ ಹೊತ್ತು ಅವಳ ಸ್ವಂತದ್ದು. ಮಂಡಿನೋವಿಗೆ ವ್ಯಾಯಾಮ ಎಂದು ಮಕ್ಕಳಿಗೆ ಹೇಳಿದ್ದಳು.

ಭಾನುವಾರ ಗಗನಾ ಬಸ್ಸಿನ ಮುಂದಿನ ಸೀಟಿನಲ್ಲಿದ್ದಳು. ಯಶೋಧರಾ ತಲೆ ತುಂಬ ಸೆರಗು ಹೊದ್ದು ಹಿಂದೆ ಕೂತಿದ್ದಳು. ಬಸ್ಸು ಮಿಡಿಗೇಶಿ ಊರು ದಾಟಿತು. ರಾಧಾಮಣಿ ಇಷ್ಟು ವರ್ಷ ಸುಮ್ಮನಿದ್ದು, ಕೊನೆಗೆ ತನ್ನ ಶಿಷ್ಯೆಯ ಮೈಯೊಳಗೇ ಬಂದು ಕೂತಳಲ್ಲ!

ಪಾವಗಡದಲ್ಲಿ ಇಳಿದ ಹುಡುಗಿ ಕೋಟೆ ಬೆಟ್ಟದ ಕೆಳಗಿನ ಓಣಿ ಹಿಡಿದು, ಹಂಚಿನ ಮನೆಯೊಂದನ್ನು ಹೊಕ್ಕಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಬಂತು. "ಇನ್ನೊಂದ್ಸಲ ನೋಡಿ ಅಕ್ಕ."

ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿ ಕಣ್ಣು ಕಿರಿದು ಮಾಡಿದಳು. ರಾಧಾಮಣಿಯ ತಾಯಿ ಮಾರಕ್ಕ. "ಎವರಮ್ಮಾ? ಯಾರಮ್ಮಾ ನೀವು, ಯಾರು ಬೇಕಿತ್ತು?"

ಯಶೋಧರಾ ಬಾಗಿಲು ತಳ್ಳಿದಳು.

ಗಗನಾ ನಡುಮನೆಯಲ್ಲಿ ಸ್ಟೀಲ್ ಲೋಟ ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದಳು. ಮಂಚದ ಮೇಲೆ, ಗೋಡೆಗೆ ಒರಗಿ ರಾಧಾಮಣಿ.

"ನನ್ನ ಮೇಲಿನ ಸಿಟ್ಟು ತೀರಿಸ್ಕೊಳ್ಳೋಕೆ ನನ್ನ ಹುಡುಗೀನೇ ಬೇಕಿತ್ತಾ ನಿಂಗೆ?" ಯಶೋಧರಾಳ ದನಿ ಒಡೆಯಿತು. "ಗಗನಾ, ದಸರಾಕ್ಕೆ ಈ ಪಾತ್ರ ನಿನ್ನ ಜೊತೆ ಕಲಿಯೋ ರಕ್ಷಾ ಮಾಡ್ತಾಳೆ. ನೀನು ಇಲ್ಲೇ ಇರು, ಇವಳ ಹತ್ತಿರಾನೇ ಕಲಿ."

ರಾಧಾಮಣಿಯ ಬಾಯಿ ಒಂದು ಬದಿಗೆ ಸೊಟ್ಟಗಿತ್ತು. ಬಲಗೈ ಯಾರೋ ತಂದಿಟ್ಟ ವಸ್ತುವಿನಂತೆ ಮಡಿಲಲ್ಲಿ ಬಿದ್ದಿತ್ತು.

ಹಿಂದೆಯೇ ಬಂದ ಮಾರಕ್ಕ ಬಾಗಿಲಿಗೆ ಕೈಯೂರಿದಳು. "ಅದೇನ್ ಕಲಿಸ್ತೈತೆ ಕಣಮ್ಮ? ಲಕ್ವ ಹೊಡೆದು ನಾಕು ವರ್ಸ ಆತು. ಕೈ ಏಳಾಕಿಲ್ಲ. ಹಿಂದಿಂದು ಒಂದೂ ಗ್ಯಾಪಕ ಇಲ್ಲ. ಕುಣೀತಿದ್ದೆ ಅಂಬೋದೇ ಮರ್ತೋಗಿತ್ತು. ಈ ಪಾಪ ಬಂದು ತೋರ್ಸಿದ ಮ್ಯಾಲೇನೇ ನಗಾಕೆ ಸುರು ಮಾಡಿದ್ದು."

ರಾಧಾಮಣಿ ಯಶೋಧರಾಳನ್ನು ನೋಡಿದಳು. ಗುರುತಿನ ಎಳೆಯೂ ಇಲ್ಲದ ನೋಟ. ಊರಿಗೆ ಹೊಸದಾಗಿ ಬಂದವಳಿಗೆ ಮನೆಯ ಮಗುವನ್ನು ತೋರಿಸುವ ಹಾಗೆ ಎಡಗೈ ಎತ್ತಿ ಗಗನಾಳತ್ತ ತೋರಿಸಿದಳು.

"ಚೆನ್ನಾಗೈತೆ... ಅಲ್ವಾ?" ಮಾತು ಒಂದೊಂದಾಗಿ ಬಂತು. "ನಂದಂತೆ... ಅದು."

ಯಶೋಧರಾ ಮಂಚದ ಅಂಚು ಹಿಡಿದು ಕೂತಳು. ಮೈಕಿನ ಮುಂದೆ ಆಡಿದ ಮಾತು ಕೇಳಿಸಿಕೊಂಡವಳೇ ಈಗ ಇಲ್ಲ. ಕ್ಷಮೆ ಕೇಳಿದರೂ ಯಾವುದಕ್ಕೆಂದು ಇವಳಿಗೆ ಗೊತ್ತಾಗುವುದಿಲ್ಲ. ಆದರೂ ಅನುಮಾನದ ಮುಳ್ಳು ಇನ್ನೂ ಚುಚ್ಚುತ್ತಲೇ ಇತ್ತು.

"ಇವಳಿಗೇ ನೆನಪಿಲ್ಲ ಅಂದ್ರೆ ನಿಂಗೆ ಕಲಿಸಿದ್ದು ಯಾರೇ? ಮೇಷ್ಟ್ರಾ?"

"ಅಲ್ಲ ಮೇಡಂ. ನಾನು ಮಾಡಿ ತೋರಿಸಿದಾಗ, ಇದು ರಾಧಕ್ಕಂದು ಅಂತ ಮೇಷ್ಟ್ರು ಗುರುತು ಹಿಡಿದ್ರು. ಈ ಮನೆ ಹೇಳಿದ್ದೂ ಅವರೇ. ಅಷ್ಟೇ."

"ಮತ್ತೆ ಎಲ್ಲಿ ನೋಡ್ದೆ?"

ಗಗನಾ ಹೆದರಿ ಮಾರಕ್ಕನ ಕಡೆ ಸರಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಮ್ಮನ್ನೆಲ್ಲ ಕಳಿಸಿದ ಮೇಲೆ ನೀವು ಒಬ್ಬರೇ ಕುಣೀತೀರಲ್ಲ ಮೇಡಂ, ದಿನಾ ಇದನ್ನೇ... ಕಿಟಕಿಯಿಂದ ನೋಡಿ ಕಲಿತೆ."